ಕೈ ಬಿಗಿಯಾದ ಕಾಲದಲ್ಲಿ ಅಪರೂಪದ ವಿಡಿಯೋ ಗೇಮ್ ಮಾರುವುದು: ತುಮಕೂರಿನಿಂದ ನನ್ನ ಅನುಭವ

ಆರ್ಥಿಕ ಹಿಂಜರಿತ ಬಂದಾಗ ಸಂಗ್ರಹದ ಗೇಮ್‌ಗಳೆಲ್ಲ ಒಂದೇ ಸಮನೆ ಅಗ್ಗವಾಗುವುದಿಲ್ಲ. ಮೊದಲು ಬೀಳುವುದು ಸೀಲ್ ಒಡೆಯದೆ, ಗ್ರೇಡಿಂಗ್ (ಸ್ಥಿತಿ ನೋಡಿ ಅಂಕ ಕೊಡುವುದು) ಮಾಡಿಸಿ, ಅಕ್ರಿಲಿಕ್ ಡಬ್ಬಿಯಲ್ಲಿಟ್ಟ ಸರಕು. ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮುಂದೆ ಬೆಲೆ ಏರುತ್ತದೆ ಎಂದು ದುಡ್ಡು ಹಾಕಿದವರು. 2021ರ ಜುಲೈಯಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೊ 64ರ ಒಂದು ಪ್ರತಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಗಿತ್ತು. ಆ ಅಬ್ಬರ ಬಹಳ ಕಾಲ ನಿಲ್ಲಲಿಲ್ಲ. ಎರಡನೆಯದಾಗಿ ಬೀಳುವುದು ಮನೆಮನೆಯಲ್ಲೂ ಇರುವ ಜನಪ್ರಿಯ ಗೇಮ್‌ಗಳು. ಕೆಲಸ ಕಳೆದುಕೊಂಡವರು ಮೊದಲು ಮಾರಲು ತೆಗೆಯುವುದೇ ಅವನ್ನು, ಹಾಗಾಗಿ ಮಾರುಕಟ್ಟೆ ತುಂಬಿಹೋಗುತ್ತದೆ. ನಿಜಕ್ಕೂ ಕಡಿಮೆ ಇರುವ, ಕೇಸು ಮ್ಯಾನುಯಲ್ ಸಮೇತ ಇರುವ ಪ್ರತಿಗೆ ಗಿರಾಕಿ ಇದ್ದೇ ಇರುತ್ತಾನೆ. ಆದರೆ ಅವನು ನಿಧಾನಿಸುತ್ತಾನೆ, ಹತ್ತು ಪ್ರಶ್ನೆ ಕೇಳುತ್ತಾನೆ, ಸಣ್ಣ ಅನುಮಾನ ಬಂದರೂ ಕೈಬಿಡುತ್ತಾನೆ. ಆದ್ದರಿಂದ ಇಂಥ ಕಾಲದಲ್ಲಿ ನನ್ನ ಶ್ರಮದ ಬಹುಪಾಲು ಆ ಅನುಮಾನ ಕಳೆಯುವುದಕ್ಕೇ ಹೋಗುತ್ತದೆ. ಬೆಲೆಗೆ ಕೈ ಹಾಕುವುದು ಆಮೇಲೆ.

ತುಮಕೂರಿನಲ್ಲಿ ಕೂತು ಜಪಾನಿನ ಅಪರೂಪದ ಕಾರ್ಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ ಗೇಮ್ ಕ್ಯಾಸೆಟ್) ವ್ಯಾಪಾರ ಮಾಡಲು ಹೋದರೆ ಜಪಾನಿನವರ ಜೊತೆಗೇ ಪೈಪೋಟಿ. ನಮ್ಮ ಕೈಗೆ ಸಿಗುವ, ಅವರಿಗೆ ಸುಲಭವಾಗಿ ಸಿಗದ ಸರಕು ಬೇರೆಯೇ ಇದೆ: ಭಾರತದ ಮಾರುಕಟ್ಟೆಗೆಂದೇ ಬಂದ ಪ್ಲೇಸ್ಟೇಷನ್ 2 (ಪಿಎಸ್2) ಮತ್ತು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರದ ಗೇಮ್‌ಗಳು. 2009ರ 'ಹನುಮಾನ್: ಬಾಯ್ ವಾರಿಯರ್', ಅದೇ ವರ್ಷದ 'ದೇಸಿ ಅಡ್ಡಾ', 2010ರ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್', 2011ರ 'ರಾ.ಒನ್' ಗೇಮ್ ಇವೆಲ್ಲ ಆ ಸಾಲಿನವು. ಪಿಎಸ್2ರ ಪ್ರತಿ ದೇಶದ ಪ್ರತಿ ಬಿಡುಗಡೆಯನ್ನೂ ಕೂಡಿಹಾಕುವ ಯುರೋಪಿನ, ಆಸ್ಟ್ರೇಲಿಯಾದ ಸಂಗ್ರಹಕಾರರಿಗೆ ಇವು ಪಟ್ಟಿಯಲ್ಲಿ ಖಾಲಿ ಉಳಿದ ಜಾಗಗಳು. ನಮ್ಮಲ್ಲಿ ಇವು ಹೊಸದಾಗಿದ್ದಾಗ ಅಗ್ಗದ ಗೇಮ್‌ಗಳು, ಯಾರೂ ಜೋಪಾನ ಮಾಡಲಿಲ್ಲ. ನಮ್ಮೂರ ಎಚ್‌ಎಂಟಿ ಕಾರ್ಖಾನೆ ಮುಚ್ಚಿದ ಮೇಲೆ ಅದರ ಕೈಗಡಿಯಾರ ಹುಡುಕುವವರು ಹೆಚ್ಚಾದರಲ್ಲ, ಇದೂ ಹಾಗೆಯೇ.

ಸಿಗುವ ಜಾಗಗಳೆಂದರೆ ಮುಚ್ಚಿಹೋದ ಸಿಡಿ ಲೈಬ್ರರಿಗಳ ಉಳಿಕೆ ಸರಕು, ಹಳೆಯ ಗೇಮ್ ಪಾರ್ಲರ್‌ಗಳು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಊರು ಬಿಡುವಾಗ ಮಾರುವ ಪೆಟ್ಟಿಗೆಗಳು, ಗುಜರಿ ಅಂಗಡಿ, ಓಎಲ್‌ಎಕ್ಸ್. ತಿಪಟೂರು, ಗುಬ್ಬಿ, ಶಿರಾ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ "ಹಳೇ ಗೇಮ್ ಸಿಡಿ ಇದ್ಯಾ ಅಣ್ಣಾ?" ಎಂದು ಕೇಳಿದರೆ ಅಟ್ಟದಿಂದ ಇಳಿಸಿಕೊಡುವವರು ಇನ್ನೂ ಇದ್ದಾರೆ. 90ರ ದಶಕದ ಟಿವಿ ಗೇಮ್ ಬಗ್ಗೆ ಒಂದು ಮಾತು: '9999 ಇನ್ 1' ಎಂದು ಬರೆದ ಕ್ಯಾಸೆಟ್‌ಗೆ ಲಕ್ಷ ಬರುತ್ತದೆಂದು ನಂಬಿದವರು ಸಿಗುತ್ತಾರೆ. ಬರೀ ಕ್ಯಾಸೆಟ್‌ಗೆ ಹೊರದೇಶದಲ್ಲಿ ಬೆಲೆ ಇಲ್ಲವೆಂದೇ ಹೇಳಬೇಕು. ಮೀಡಿಯಾ ಕಂಪನಿಯ ಲಿಟಲ್ ಮಾಸ್ಟರ್ ಅಥವಾ ಸಮುರಾಯ್ ಸೆಟ್ಟು ಮೂಲ ರಟ್ಟಿನ ಪೆಟ್ಟಿಗೆ, ಬಿಲ್ಲು, ಗ್ಯಾರಂಟಿ ಕಾರ್ಡ್ ಸಮೇತ ಇದ್ದರೆ ಮಾತ್ರ ಕೇಳುವವರಿದ್ದಾರೆ.

ಕೊಳ್ಳುವ ಬೆಲೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಯ ಅರ್ಧದ ಆಸುಪಾಸು ಕೊಡುತ್ತೇನೆ, ಆ ಮಾರಾಟದ ಪಟ್ಟಿಯನ್ನು ಮಾರುವವರಿಗೂ ಫೋನಿನಲ್ಲಿ ತೋರಿಸುತ್ತೇನೆ. ಹಿಂಜರಿತದಲ್ಲಿ ಮಾರಲು ಬರುವವರು ಬಹುತೇಕ ಕಷ್ಟದಲ್ಲಿರುತ್ತಾರೆ. ಮಗ ಇಟ್ಟುಹೋದ ಪೆಟ್ಟಿಗೆ ತಂದ ತಾಯಿಗೆ ಅದರ ಬೆಲೆ ತಿಳಿಯದು ಎಂಬುದನ್ನೇ ಲಾಭ ಮಾಡಿಕೊಳ್ಳುವುದು ಸರಿಯಲ್ಲ. ಈ ಊರಿನಲ್ಲಿ ಮುಂದಿನ ಪೆಟ್ಟಿಗೆ ಬರುವುದೂ ಅವರ ಬಾಯಿಮಾತಿನಿಂದಲೇ.

ಇನ್ನು ಅಸಲಿಯೋ ನಕಲಿಯೋ ನೋಡುವುದು. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆ. ನಮ್ಮಲ್ಲಿ ಮಾರಾಟವಾದ ಪಿಎಸ್2 ಯಂತ್ರಗಳಲ್ಲಿ ಬಹಳಷ್ಟಕ್ಕೆ ಮಾಡ್‌ಚಿಪ್, ಅಂದರೆ ನಕಲು ತಡೆಯನ್ನು ದಾಟಿಸುವ ಚಿಪ್, ಹಾಕಿಸಿದ್ದರು. ಅಂಥ ಯಂತ್ರದಲ್ಲಿ ನಕಲು ಡಿಸ್ಕ್ ಕೂಡ ಓಡುತ್ತದೆ. ಆದ್ದರಿಂದ "ಹಾಕಿ ನೋಡ್ದೆ, ಓಡ್ತು" ಎಂಬುದು ಪರೀಕ್ಷೆಯೇ ಅಲ್ಲ. ಚಿಪ್ ಹಾಕದ ಪಾಲ್ (ಭಾರತ, ಯುರೋಪ್, ಆಸ್ಟ್ರೇಲಿಯಾದಲ್ಲಿ ನಡೆಯುವ ಬಗೆಯ) ಯಂತ್ರ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಬೇಕು; ನಕಲು ಡಿಸ್ಕ್ ಹಾಕಿದರೆ ಅದು ಕೆಂಪು ತೆರೆ ತೋರಿಸಿ ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಎನ್ನುತ್ತದೆ. ಯಂತ್ರಕ್ಕೆ ಹಾಕುವ ಮೊದಲು ಡಿಸ್ಕಿನ ಕೆಳಗಿನ ಮೈ ನೋಡಿ. ಅಸಲಿ ಪಿಎಸ್2 ಡಿವಿಡಿ ಬೆಳ್ಳಿ ಬಣ್ಣ, ಪಿಎಸ್2 ಸಿಡಿ ನೀಲಿ, ಪಿಎಸ್1 ಕಪ್ಪು. ಮನೆಯಲ್ಲಿ ಬರೆದ ಡಿವಿಡಿ ಓರೆ ಬೆಳಕಿಗೆ ನೇರಳೆ ಛಾಯೆ ಕೊಡುತ್ತದೆ. ನಡುವಿನ ಪಾರದರ್ಶಕ ಉಂಗುರದ ಸುತ್ತ ಕನ್ನಡಿಯಂಥ ಪಟ್ಟಿಯಲ್ಲಿ ಕಾರ್ಖಾನೆಯ ಗುರುತು, ಐಎಫ್‌ಪಿಐ ಎಂದು ಶುರುವಾಗುವ ಪುಟ್ಟ ಸಂಖ್ಯೆ ಇರಬೇಕು. ಕೇಸಿನ ಬೆನ್ನಿನ ಮೇಲೆ ಇರುವ ಕೋಡ್, ಪಾಲ್ ಪ್ರತಿಗಳಲ್ಲಿ ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಎಂದು ಶುರುವಾಗುವುದು, ಡಿಸ್ಕ್ ಮೇಲಿನ ಕೋಡ್‌ಗೆ ಹೊಂದಬೇಕು. ಲೈಬ್ರರಿಗಳಿಂದ ಬಂದ ಸರಕಿನಲ್ಲಿ ಡಿಸ್ಕ್ ಒಂದು, ಕೇಸ್ ಇನ್ನೊಂದು ಆಗಿರುವುದು ತೀರಾ ಸಾಮಾನ್ಯ.

ಗೀರು ನೋಡುವಾಗ ಜನ ಕೆಳಗಿನ ಮೈ ಒಂದನ್ನೇ ನೋಡುತ್ತಾರೆ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್‌ನ ಕೆಳಗೇ, ಕೂದಲೆಳೆಯಷ್ಟು ಅಂತರದಲ್ಲಿ. ಪಿಎಸ್1 ಡಿಸ್ಕಿನ ಲೇಬಲ್ ಮೇಲೆ ಆಳವಾದ ಗೀರು ಬಿದ್ದರೆ ಅದಕ್ಕೆ ಮದ್ದಿಲ್ಲ. ಫೋನಿನ ಟಾರ್ಚ್ ಹಿಂದಿಟ್ಟು ಹಿಡಿದರೆ ಪದರ ಹಾರಿಹೋದ ಕಡೆ ಸೂಜಿ ತೂತಿನಂತೆ ಬೆಳಕು ಬರುತ್ತದೆ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್‌ಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ. ಕೆಳಮೈಯ ಸಣ್ಣ ಗೀರನ್ನು ಯಂತ್ರದಲ್ಲಿ ಉಜ್ಜಿಸಿ ಹೊಳಪು ಮಾಡಿಸಬಹುದು, ಆದರೆ ಸಂಗ್ರಹಕಾರನ ಕಣ್ಣಿಗೆ ಆ ವೃತ್ತಾಕಾರದ ಉಜ್ಜಿನ ಗೆರೆ ಕಂಡೇ ಕಾಣುತ್ತದೆ. ಡಿಸ್ಕ್ ಓಡುತ್ತಿದ್ದರೆ ನಾನು ಉಜ್ಜಿಸುವುದಿಲ್ಲ.

ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್‌ಬಾಯ್ ಅಡ್ವಾನ್ಸ್‌ನ ಪೊಕೆಮಾನ್ ಕಾರ್ಟ್ರಿಡ್ಜ್‌ಗಳಲ್ಲಿ ನಕಲಿಯ ಹಾವಳಿ ವಿಪರೀತ. ಅಸಲಿ ಲೇಬಲ್ ಮೇಲೆ ಒತ್ತಿದ ಗುರುತಿನಂತೆ ಎರಡಂಕಿಯ ಸಂಖ್ಯೆ ಇರುತ್ತದೆ, ಓರೆ ಬೆಳಕಿನಲ್ಲಿ ಕಾಣುತ್ತದೆ. ಕೆಳಗಿನ ಬಾಯಿಯಲ್ಲಿ ಇಣುಕಿದರೆ ಚಿನ್ನದ ಬಣ್ಣದ ಹಲ್ಲುಗಳ ಮೇಲ್ಗಡೆ ಬೋರ್ಡಿನಲ್ಲಿ ನಿಂಟೆಂಡೊ ಎಂದು ಅಚ್ಚಾಗಿರಬೇಕು. ಬೆಲೆಬಾಳುವ ಪ್ರತಿಯನ್ನು ಬಿಚ್ಚಿಯೇ ಫೋಟೊ ಹಾಕುವುದು ಒಳ್ಳೆಯದು. ಇದಕ್ಕೆ ಮೂರು ರೆಕ್ಕೆಯ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕು. ಹಳೆಯ ಗೇಮ್‌ಬಾಯ್ ಕಾರ್ಟ್ರಿಡ್ಜ್‌ಗೆ ಗೇಮ್‌ಬಿಟ್ ಎಂಬ 3.8 ಮಿ.ಮೀ.ನ ವಿಶೇಷ ಸ್ಕ್ರೂಡ್ರೈವರ್. ಚಾಕು ತುದಿ ಹಾಕಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಬೆಲೆ ಅಲ್ಲೇ ಇಳಿಯುತ್ತದೆ.

ಕಾರ್ಟ್ರಿಡ್ಜ್ ಒಳಗಿನ ಬ್ಯಾಟರಿ ವಿಷಯವನ್ನು ಲಿಸ್ಟಿಂಗ್‌ನಲ್ಲಿ (ಮಾರಾಟದ ತಾಣದಲ್ಲಿ ಹಾಕುವ ವಿವರದಲ್ಲಿ) ಸ್ಪಷ್ಟವಾಗಿ ಬರೆಯಬೇಕು. ಪೊಕೆಮಾನ್ ಗೋಲ್ಡ್, ಸಿಲ್ವರ್‌ಗೆ ಸಿಆರ್2025 ಬ್ಯಾಟರಿ. ಆಟದ ಸೇವ್ ಮತ್ತು ಗಡಿಯಾರ ಎರಡೂ ಅದರ ಮೇಲೆಯೇ ನಿಂತಿವೆ, ಬ್ಯಾಟರಿ ಸತ್ತರೆ ಸೇವ್ ಉಳಿಯುವುದಿಲ್ಲ. ರೂಬಿ, ಸ್ಯಾಫೈರ್, ಎಮರಾಲ್ಡ್‌ಗೆ ಸಿಆರ್1616. ಅವುಗಳಲ್ಲಿ ಬ್ಯಾಟರಿ ಗಡಿಯಾರಕ್ಕೆ ಮಾತ್ರ, ಸೇವ್ ಬೇರೆ ಚಿಪ್‌ನಲ್ಲಿರುತ್ತದೆ. "ಬ್ಯಾಟರಿ ಮುಗಿದಿದೆ" ಎಂಬ ಸೂಚನೆ ಬಂದರೂ ಆಟ ನಡೆಯುತ್ತದೆ. ಬದಲಿಸುವುದಾದರೆ ಲೋಹದ ಕಾಲುಪಟ್ಟಿ ಬೆಸೆದ ಬ್ಯಾಟರಿಯನ್ನೇ ತಂದು ಬೆಸುಗೆ ಹಾಕಬೇಕು, ಟೇಪ್ ಸುತ್ತಿ ಕೂರಿಸಿದ್ದು ಅಂಚೆಯ ಕುಲುಕಾಟಕ್ಕೆ ಸರಿಯುತ್ತದೆ. ಕಾರ್ಟ್ರಿಡ್ಜ್‌ನ ಹಲ್ಲುಗಳನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು. ಪಾಲಿಶ್, ಮರಳುಕಾಗದ ಮುಟ್ಟಿಸಬಾರದು, ಚಿನ್ನದ ಲೇಪ ಎದ್ದುಹೋಗುತ್ತದೆ. ಇನ್ನು ಭಾರತದ ಪ್ರತಿಗಳ ಮೇಲಿರುವ ಎಂಆರ್‌ಪಿ ಚೀಟಿಯನ್ನು ದಯವಿಟ್ಟು ಕೀಳಬೇಡಿ. ಇದು ಇಲ್ಲಿ ಮಾರಾಟವಾದ ಪ್ರತಿ ಎಂಬುದಕ್ಕೆ ಹೊರದೇಶದ ಗಿರಾಕಿಗೆ ಆ ಚೀಟಿಯೇ ಪುರಾವೆ.

ಫೋಟೊ ಎಷ್ಟು ಹಾಕಿದರೂ ಹೆಚ್ಚಲ್ಲ. ನಾನು ಹೊರದೇಶಕ್ಕೆ ಮಾರುವ ತಾಣ ಈಬೇ ಒಂದು ಲಿಸ್ಟಿಂಗ್‌ಗೆ 24 ಚಿತ್ರ ಬಿಡುತ್ತದೆ. ಕೇಸಿನ ಆರೂ ಮುಖ, ಮ್ಯಾನುಯಲ್‌ನ ಹೊದಿಕೆ ಮತ್ತು ಸ್ಟೇಪಲ್ ಪಿನ್ (ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿದಿರುತ್ತದೆ), ಡಿಸ್ಕಿನ ಎರಡೂ ಮೈ, ಒಳ ಉಂಗುರದ ಸಂಖ್ಯೆ, ಚಿಪ್ ಇಲ್ಲದ ಯಂತ್ರದಲ್ಲಿ ಓಡುತ್ತಿರುವ ತೆರೆ. ಕಿಟಕಿ ಪಕ್ಕದ ಬೆಳಗಿನ ಬೆಳಕು, ಫ್ಲ್ಯಾಶ್ ಬೇಡ. ದೋಷದ ಫೋಟೊವನ್ನು ಕೊನೆಗೆ ತಳ್ಳದೆ ಮೊದಲ ಐದರಲ್ಲೇ ಇಡುತ್ತೇನೆ. ಪಾಲ್ ಪ್ರತಿ ಅಮೆರಿಕದ ಪಿಎಸ್2ರಲ್ಲಿ ಓಡುವುದಿಲ್ಲ, ಪಿಎಸ್‌ಪಿ ಗೇಮ್‌ಗೆ ಆ ಬೇಲಿ ಇಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದರೆ ಅರ್ಧದಷ್ಟು ಜಗಳ ಹುಟ್ಟುವುದೇ ಇಲ್ಲ.

ಬೆಲೆ ಕಟ್ಟಲು ಕೇಳುವ ಬೆಲೆಯನ್ನು ನೋಡಲೇಬಾರದು. ಈಬೇಯಲ್ಲಿ ಮಾರಾಟವಾದವು ಎಂಬ ಫಿಲ್ಟರ್ ಹಾಕಿ ಕಳೆದ 90 ದಿನದ ಬೆಲೆ ತೆಗೆಯಿರಿ. ಪ್ರೈಸ್‌ಚಾರ್ಟಿಂಗ್ ತಾಣದಲ್ಲಿ ಇನ್ನೂ ಹಿಂದಿನದು ಸಿಗುತ್ತದೆ. ಹಿಂಜರಿತದಲ್ಲಿ ಆರು ತಿಂಗಳ ಹಿಂದಿನ ಬೆಲೆ ಹಳಸಿದ ಬೆಲೆ. ಸ್ಥಿತಿ ಹೊಂದುವ ಮಾರಾಟಗಳನ್ನು ಮಾತ್ರ ಉಳಿಸಿಕೊಂಡು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು, ನಡುವಿನದನ್ನು ಹಿಡಿಯುತ್ತೇನೆ. ಅದಕ್ಕಿಂತ ಶೇ 10 ಮೇಲಿಟ್ಟು ಆಫರ್ ಕೊಡುವ ಅವಕಾಶ ತೆರೆದಿಡುತ್ತೇನೆ. ಮೂರು ವಾರ ಯಾರೂ ಕೇಳದಿದ್ದರೆ ಶೇ 5 ಇಳಿಕೆ. ಒಮ್ಮೆಗೇ ಶೇ 30 ಇಳಿಸಿದರೆ ನೋಡುತ್ತಿದ್ದವರು ಇನ್ನೂ ಇಳಿಯಲಿ ಎಂದು ಕಾಯುತ್ತಾರೆ. ಹರಾಜು ಈ ಕಾಲಕ್ಕಲ್ಲ. ಇಬ್ಬರು ಹಟ ಹಿಡಿದರೆ ಮಾತ್ರ ಹರಾಜಿನ ಬೆಲೆ ಏರುತ್ತದೆ, ಕೈ ಬಿಗಿಯಾದಾಗ ಆ ಎರಡನೆಯವನೇ ಬರುವುದಿಲ್ಲ.

ಲೆಕ್ಕವನ್ನು ಮೊದಲೇ ಹಾಕಬೇಕು. 60 ಡಾಲರ್‌ಗೆ ಮಾರಿ, ಡಾಲರ್‌ಗೆ 85 ರೂಪಾಯಿ ಎಂದು ಹಿಡಿಯೋಣ: 5,100 ರೂಪಾಯಿ. ತಾಣದ ಎಲ್ಲ ಶುಲ್ಕ ಸೇರಿ ಶೇ 16 ಎಂದರೆ 816 ಹೋಯಿತು. ಹಣ ಪರಿವರ್ತನೆಗೆ ಶೇ 2, ಅಂದರೆ 86. ಅಂಚೆಗೆ 700, ಪ್ಯಾಕಿಂಗ್‌ಗೆ 60 ಎಂದಿಟ್ಟುಕೊಂಡರೆ ಉಳಿಯುವುದು 3,438. ಕೊಂಡ ಬೆಲೆ 2,500 ಮೀರಿದ್ದರೆ ಆ ವ್ಯಾಪಾರ ಬೇಡ, ಒಂದು ವಾಪಸಾತಿ ಬಂದರೂ ಮೂರರ ಲಾಭ ತಿನ್ನುತ್ತದೆ. ಅಗ್ಗದ ಗೇಮ್‌ಗಳನ್ನು ಒಂದೊಂದಾಗಿ ಹೊರದೇಶಕ್ಕೆ ಕಳಿಸುವುದರಲ್ಲಿ ಅರ್ಥವಿಲ್ಲ. ನಾಲ್ಕೈದು ಸೇರಿಸಿ ಒಂದು ಲಾಟ್ ಮಾಡಿ.

ಹೊರದೇಶಕ್ಕೆ ವ್ಯಾಪಾರವಾಗಿ ಕಳಿಸಲು ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ ಡಿಜಿಎಫ್‌ಟಿಯಿಂದ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು. ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿಯಲ್ಲಿ ರಫ್ತಿಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ), ಬಳಸಿದ ವಸ್ತುಗಳ ದೇಶದೊಳಗಿನ ಮಾರಾಟಕ್ಕೆ ನಿಯಮ 32(5)ರ ಮಾರ್ಜಿನ್ ಪದ್ಧತಿ (ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲಷ್ಟೇ ತೆರಿಗೆ) ಇವೆ. ಒಬ್ಬ ಆಡಿಟರ್ ಬಳಿ ಕೂತು ಒಮ್ಮೆ ಸರಿಯಾಗಿ ಕೇಳಿಕೊಳ್ಳಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ರಫ್ತು ಪತ್ರವನ್ನು ಮನೆಯಲ್ಲೇ ತುಂಬಬಹುದು. ಅದರಲ್ಲಿ ಕೇಳುವ ಸರಕಿನ ಸುಂಕ ಕೋಡ್‌ನಲ್ಲಿ ಡಿಸ್ಕ್‌ಗಳು 8523ರ ಶೀರ್ಷಿಕೆಯಡಿ ಬರುತ್ತವೆ. "ಗಿಫ್ಟ್ ಅಂತ ಬರೀರಿ, ಬೆಲೆ ಕಡಿಮೆ ಹಾಕಿ" ಎಂದು ಗಿರಾಕಿ ಕೇಳಿದರೆ ಒಪ್ಪಬೇಡಿ. ಪೊಟ್ಟಣ ಕಳೆದರೆ ಪರಿಹಾರ ಆ ಬರೆದ ಬೆಲೆಯ ಮೇಲೆಯೇ, ಬ್ಯಾಂಕಿಗೆ ಬಂದ ಹಣಕ್ಕೂ ರಫ್ತು ದಾಖಲೆಗೂ ತಾಳೆಯಾಗುವುದಿಲ್ಲ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಪೊಟ್ಟಣಗಳ ಸುಂಕ ವಿನಾಯಿತಿ ನಿಲ್ಲಿಸಿದೆ, ಹಾಗಾಗಿ ಅಲ್ಲಿಗೆ ಬೆಲೆ ಹೇಳುವಾಗ ಸುಂಕ ಯಾರ ತಲೆಗೆ ಎಂಬುದನ್ನು ಮೊದಲೇ ಬರೆಯಬೇಕು.

ಪ್ಯಾಕಿಂಗ್ ಹೀಗೆ. ಕೇಸನ್ನು ಪಾರದರ್ಶಕ ಕವರಿನಲ್ಲಿ ಹಾಕಿ, ಅದರ ಮೇಲೆ ಬಬಲ್ ಹಾಳೆ ಎರಡು ಸುತ್ತು. ಟೇಪ್ ಬಬಲ್ ಹಾಳೆಗೆ ಮಾತ್ರ ತಾಗಬೇಕು. ಡಿಸ್ಕ್ ನಡುವಿನ ಹಿಡಿಗೆ ಗಟ್ಟಿಯಾಗಿ ಕೂತಿದೆಯೇ ಎಂದು ಕೇಸು ಮುಚ್ಚುವ ಮುನ್ನ ನೋಡಿ. ಹಲ್ಲು ಮುರಿದ ಕೇಸಾದರೆ ಡಿಸ್ಕನ್ನು ಬೇರೆ ತೆಳು ಕವರಿನಲ್ಲಿಡಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಒಳಗೆ ಉರುಳಿ ಗೀರಾಗುತ್ತದೆ. ಮಂಡಿಪೇಟೆಯಲ್ಲಿ ಸಿಗುವ ಐದು ಪದರದ ರಟ್ಟಿನ ಡಬ್ಬಿ, ನಾಲ್ಕೂ ಕಡೆ ಎರಡು ಬೆರಳು ಜಾಗ ಬಿಟ್ಟು ಸುಕ್ಕಿದ ಕಾಗದ ತುಂಬಿ, ಕುಲುಕಿದರೆ ಸದ್ದು ಬರಬಾರದು. ಒಂದು ಪಿಎಸ್2 ಗೇಮ್ ಹೀಗೆ ಕಟ್ಟಿದರೆ 300 ಗ್ರಾಂ ಆಸುಪಾಸು. ಪಿಎಸ್‌ಪಿ ಯಂತ್ರದ ಜೊತೆ ಊದಿದ ಬ್ಯಾಟರಿ ಕಳಿಸಲೇಬಾರದು.

ದೇಶದೊಳಗಿನ ಗಿರಾಕಿಗಳು ತಿಂಗಳ ಮೊದಲ ವಾರ, ಸಂಬಳವಾದ ಕೂಡಲೇ ಬರುತ್ತಾರೆ. ಹೊಸ ಸರಕನ್ನು ಆಗಲೇ ಹಾಕಿ. ಪೂರ್ತಿ ಹಣ ಇಲ್ಲದವರಿಗೆ ಶೇ 20 ಮುಂಗಡ ಪಡೆದು 30 ದಿನ ಹಿಡಿದಿಡುತ್ತೇನೆ, ಉಳಿದದ್ದು ಬಂದ ಮೇಲೆ ಕಳಿಸುವುದು. ಹಿಂಜರಿತದಲ್ಲಿ ಈ ಏರ್ಪಾಟಿನಿಂದಲೇ ಬಹಳ ವ್ಯಾಪಾರ ಕೂಡಿಬರುತ್ತದೆ. ಯುಪಿಐ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಹಣ ಕಂಡ ಮೇಲೆ ಡಬ್ಬಿ ಕಟ್ಟಿ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ ಎನ್ನುವವರು ವಂಚಕರು. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಡಬ್ಬಿ ಕಟ್ಟುವುದನ್ನು ಒಂದೇ ಓಟದ ವಿಡಿಯೋದಲ್ಲಿ ಹಿಡಿಯಿರಿ: ಡಿಸ್ಕಿನ ಉಂಗುರದ ಸಂಖ್ಯೆಯಿಂದ ಶುರುವಾಗಿ ಅಂಚೆ ಲೇಬಲ್ ಅಂಟಿಸುವವರೆಗೆ, ನಡುವೆ ಎಲ್ಲೂ ಕತ್ತರಿಸದೆ. ಗಿರಾಕಿ ಬೇರೆ ಡಿಸ್ಕ್ ಹಾಕಿ ವಾಪಸ್ ಕಳಿಸಿದಾಗ ಆ ಸಂಖ್ಯೆಯೇ ವಾದಕ್ಕೆ ಬರುತ್ತದೆ. ವಾಪಸಾತಿಯ ಅವಧಿ ಮುಗಿದು ಇನ್ನೂ 60 ದಿನವಾಗುವ ತನಕ ವಿಡಿಯೋ ಅಳಿಸುವುದಿಲ್ಲ.