ಹೈಸ್ಕೂಲ್ ಮಕ್ಕಳ ಹತ್ತಿರ ಮೈ, ಮೊಬೈಲ್, ಗುಟ್ಕಾ ಬಗ್ಗೆ ಮಾತಾಡುವುದು ಹೇಗೆ

ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಇದು. ಮಗು ತಪ್ಪೇ ಮಾಡಬಾರದು ಅಂತ ಎಲ್ಲರಿಗೂ ಆಸೆ. ಆದರೆ ತಪ್ಪಾದ ದಿನ ಅದು ಮೊದಲು ನಿಮ್ಮ ಹತ್ತಿರ ಬರುತ್ತಾ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ತಯಾರಿ ಎಲ್ಲಾ ಅದಕ್ಕೇ.

"ಬಾ ಇಲ್ಲಿ, ಕೂತ್ಕೋ, ಮಾತಾಡಬೇಕು" ಅಂತ ಎದುರಿಗೆ ಕೂರಿಸಿದರೆ ಮಕ್ಕಳು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರೆಕಾಯಿ ಬಿಡಿಸುವಾಗ, ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಡುವಾಗ, ಮುಖಕ್ಕೆ ಮುಖ ಕೊಡಬೇಕಿಲ್ಲದ ಹೊತ್ತಲ್ಲಿ ಶುರು ಮಾಡಿ. ಹೇಗೆ ಶುರು ಮಾಡುವುದು ಅಂತ ತಿಳಿಯದಿದ್ದರೆ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ತೆಗೆಯಿರಿ. ಸಂತಾನೋತ್ಪತ್ತಿ ಪಾಠದಲ್ಲಿ ಕಾಂಡೋಮ್, ಎಚ್‌ಐವಿ ಎರಡೂ ಇವೆ. "ಈ ಪಾಠ ಸರಿಯಾಗಿ ಮಾಡಿದ್ರಾ, ಇಲ್ಲಾ ಮನೇಲಿ ಓದ್ಕೊಳ್ಳಿ ಅಂದ್ರಾ?" ಅಂತ ಕೇಳಿ, ಅಷ್ಟೇ ಸಾಕು. ಮುಟ್ಟಿನ ಬಗ್ಗೆ ಗಂಡು ಮಕ್ಕಳಿಗೂ ಹೇಳಿ. ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆ ಅಲ್ಲ ಅಂತ ಅಪ್ಪನೇ ಹೇಳಿದರೆ, ಹುಡುಗ ಗೋಡೆ ಮೇಲಿನ 'ಗುಪ್ತರೋಗ' ಜಾಹೀರಾತಿನ ನಂಬರಿಗೆ ಫೋನ್ ಮಾಡಲು ಹೋಗುವುದಿಲ್ಲ.

ಪ್ರೀತಿ ಪ್ರೇಮದ ವಿಷಯ ಬಂದಾಗ ಬೈಗುಳ ಬೇಡ, ಮಾಹಿತಿ ಕೊಡಿ. 18 ತುಂಬುವ ತನಕ ಕಾನೂನಿನ ಕಣ್ಣಿಗೆ ಅವರು ಮಕ್ಕಳು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲಿ 'ಇಬ್ಬರೂ ಒಪ್ಪಿದ್ವಿ' ಅನ್ನುವ ಮಾತು ನಡೆಯುವುದಿಲ್ಲ, ಹುಡುಗನ ಮೇಲೆ ಕೇಸ್ ಆಗುತ್ತದೆ. ಇದನ್ನು ಮಗನಿಗೂ ಮಗಳಿಗೂ ನೇರವಾಗಿ ಹೇಳಿ. ಗರ್ಭ, ಸೋಂಕು ಎರಡನ್ನೂ ತಡೆಯಲು ನೆರವಾಗುವುದು ಕಾಂಡೋಮ್, ಗರ್ಭ ತಡೆಯುವ ತುರ್ತು ಮಾತ್ರೆ ಎಚ್‌ಐವಿಯನ್ನು ತಡೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ತಿಳಿಸಿದರೆ ಕೆಟ್ಟು ಹೋಗ್ತಾರೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನೀವು ಹೇಳದಿದ್ದರೆ ಮೊಬೈಲ್ ಹೇಳುತ್ತದೆ, ಅದೂ ತಪ್ಪುತಪ್ಪಾಗಿ.

ಈಗ ನನಗೆ ಜಾಸ್ತಿ ಭಯ ಇರುವುದು ಫೋಟೋ ವಿಷಯದಲ್ಲೇ. ಇನ್‌ಸ್ಟಾಗ್ರಾಮಿನಲ್ಲಿ ಹುಡುಗಿ ಹೆಸರಿನ ಅಕೌಂಟ್, ಎರಡು ದಿನ ಸಿಹಿ ಮಾತು, ಆಮೇಲೆ ವಿಡಿಯೋ ಕಾಲ್, ಸ್ಕ್ರೀನ್ ರೆಕಾರ್ಡ್, ಕೊನೆಗೆ "ದುಡ್ಡು ಹಾಕು, ಇಲ್ಲಾಂದ್ರೆ ನಿನ್ನ ಕ್ಲಾಸ್‌ಮೇಟ್‌ಗಳಿಗೆಲ್ಲ ಕಳಿಸ್ತೀನಿ". ಗಂಡು ಮಕ್ಕಳೂ ಇದಕ್ಕೆ ಬೀಳುತ್ತಾರೆ. ಹೀಗಾದರೆ ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಅಕೌಂಟಿನ ಹೆಸರು, ಫೋನ್ ನಂಬರ್, ಯುಪಿಐ ಐಡಿ ಬರೆದಿಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. 18ರೊಳಗಿನವರ ಬೆತ್ತಲೆ ಫೋಟೋ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ, ಅದರಲ್ಲಿ ಹೆಸರು ಹೇಳಬೇಕಿಲ್ಲ, ಫೋಟೋ ಫೋನ್ ಬಿಟ್ಟು ಹೊರಗೆ ಹೋಗುವುದೂ ಇಲ್ಲ. ಇನ್ನೊಂದು ಮಾತು, ಸಹಪಾಠಿಯ ಅಂಥ ಫೋಟೋ ಗ್ರೂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವುದೂ ಅಪರಾಧ, 'ನೋಡಿ ಸಾರ್' ಅಂತ ಟೀಚರಿಗೆ ಕೂಡ ಫಾರ್ವರ್ಡ್ ಮಾಡಬಾರದು. ಬಾಯಲ್ಲಿ ಹೇಳಿದರೆ ಸಾಕು.

ಯಾರಾದರೂ ಅಂಥ ಫೋಟೋ ಕೇಳಿದಾಗ ತಪ್ಪಿಸಿಕೊಳ್ಳಲು ಮಗುವಿಗೆ ಒಂದು ನೆಪ ಕೊಟ್ಟಿಡಿ. "ನಮ್ಮಪ್ಪ ದಿನಾ ಫೋನ್ ನೋಡ್ತಾರೆ, ಆಗಲ್ಲ" ಅಂತ ಹೇಳಲಿ, ನೀವು ನೋಡದಿದ್ದರೂ ಪರವಾಗಿಲ್ಲ. ಗೆಳೆಯರ ಮಧ್ಯೆ ಸುಮ್ನೆ 'ಬೇಡ' ಅನ್ನುವುದು ಆ ವಯಸ್ಸಿಗೆ ತುಂಬಾ ಕಷ್ಟ.

ತಂಬಾಕಿಗೂ ಇದೇ ನೆಪ ಆಗುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, ಇ-ಸಿಗರೇಟ್ 2019ರಿಂದ ದೇಶದಲ್ಲೇ ನಿಷೇಧ. ಆದರೂ ತುಟಿಯೊಳಗೆ ಇಟ್ಟುಕೊಳ್ಳುವ ತಂಬಾಕಿನ ಚಿಕ್ಕ ಪೊಟ್ಟಣ ಮಕ್ಕಳ ಕೈಗೆ ಸಿಗುತ್ತದೆ. ವಾಸನೆ ಪುದೀನದ್ದು, ಹಾಗಾಗಿ ಚೂಯಿಂಗ್ ಗಮ್ ಅಂದುಕೊಂಡು ಸುಮ್ಮನಾಗುತ್ತೀರಿ. ಕೆಳತುಟಿಯ ಒಳಗೆ ಬಿಳಿ ಮಚ್ಚೆ, ಖಾರ ತಿಂದರೆ ಉರಿ ಇದ್ದರೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೊಡೆದರೆ ಬಿಡುವುದಿಲ್ಲ, ಬಚ್ಚಿಟ್ಟು ಹಾಕಿಕೊಳ್ಳುತ್ತಾರೆ. ಬಿಡಿಸುವ ಸಹಾಯವಾಣಿ 1800-11-2356, ಉಚಿತ. ಮಗು ತೀರಾ ಮಂಕಾಗಿದ್ದರೆ, ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು, ಯಾರೋ ಮುಟ್ಟಬಾರದಂತೆ ಮುಟ್ಟಿದ್ದಾರೆ ಅಂತ ಮಗು ಹೇಳಿದರೆ, ಅದು ಮಾವನಾಗಲಿ, ಟ್ಯೂಷನ್ ಸಾರ್ ಆಗಲಿ, ನಿಮ್ಮ ಬಾಯಿಂದ ಬರುವ ಮೊದಲ ಮಾತು "ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ" ಅಂತಲೇ ಇರಲಿ. 'ಯಾಕೆ ಹೋದೆ' ಅಂತ ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇರುವುದು ಪೋಕ್ಸೋದಲ್ಲಿ ಅಪರಾಧ. ಅತ್ಯಾಚಾರ ಆಗಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಖಾಸಗಿ ಆಸ್ಪತ್ರೆಯವರೂ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು, 'ಮೊದಲು ಪೊಲೀಸ್ ಪತ್ರ ತನ್ನಿ' ಅನ್ನುವಂತಿಲ್ಲ. ಪೊಲೀಸರು ಹೇಳಿಕೆ ತೆಗೆದುಕೊಳ್ಳಲು ಯೂನಿಫಾರ್ಮ್ ಇಲ್ಲದೆ ನಿಮ್ಮ ಮನೆಗೇ ಬರಬೇಕು, ಮಗುವನ್ನು ರಾತ್ರಿ ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಉಳಿಸಿಕೊಳ್ಳುತ್ತೇವೆ ಅಂದರೆ ಅಲ್ಲಿಂದಲೇ 1098ಕ್ಕೆ ಫೋನ್ ಮಾಡಿ.