ಸ್ಕಲ್‌ಕ್ಯಾಪ್: ಕುಂಡದಲ್ಲಿ ಬೆಳೆಸಿ, ಗುರುತು ನೋಡಿ, ಆಮೇಲೆ ಕುಡಿಯಿರಿ

ಸ್ಕಲ್‌ಕ್ಯಾಪ್ ಟೀ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ನಿದ್ದೆ ಬರುತ್ತಿಲ್ಲ, ಸುಮ್ನೆ ಕೂತರೂ ಎದೆ ಡವಗುಟ್ಟುತ್ತದೆ ಅನ್ನುವವರು ತರಿಸಿ ಕುಡಿಯುತ್ತಾರೆ. ತೊಂದರೆ ಏನೆಂದರೆ, ಒಣಗಿಸಿ ಪುಡಿ ಮಾಡಿದ ಮೇಲೆ ಅದು ಯಾವ ಗಿಡ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. ಈ ಗಿಡದ ಹೆಸರಲ್ಲಿ ಬೇರೆ ಗಿಡ ಬೆರೆಸಿ ಮಾರುವುದು ವಿದೇಶದಲ್ಲಿ ಹಳೆಯ ರೋಗ. ಬೆರೆಸುವ ಗಿಡ ಹೆಚ್ಚಾಗಿ ಜರ್ಮ್ಯಾಂಡರ್, ಅಂದರೆ ಟ್ಯೂಕ್ರಿಯಂ ಜಾತಿಯದು, ಅದು ಲಿವರ್ ಕೆಡಿಸುತ್ತದೆ. ತೂಕ ಇಳಿಸಲು ಜರ್ಮ್ಯಾಂಡರ್ ತಿಂದವರಿಗೆ ಲಿವರ್ ಊತ ಬಂದು, ಫ್ರಾನ್ಸ್‌ನಲ್ಲಿ 1992ರಲ್ಲಿ ಅದನ್ನು ನಿಷೇಧಿಸಿದರು. ಅದಕ್ಕೇ ನನ್ನ ಮಾತು ಇಷ್ಟೇ: ಕುಡಿಯಲೇಬೇಕು ಅಂತಿದ್ದರೆ ಮನೆಯಲ್ಲೇ ಬೆಳೆಸಿ, ಹೂ ಬಿಟ್ಟಾಗ ಗುರುತು ನೋಡಿ, ಆಮೇಲೆ ಎಲೆಗೆ ಕೈ ಹಾಕಿ.

ಮೊದಲು ಯಾವ ಸ್ಕಲ್‌ಕ್ಯಾಪ್ ಅನ್ನುವುದು ಗೊತ್ತಿರಬೇಕು. ಇವು ತುಳಸಿ, ಪುದೀನ, ತುಂಬೆ ಕುಟುಂಬದ ಗಿಡಗಳು. ಸ್ಕ್ಯುಟೆಲೇರಿಯಾ ಅನ್ನುವ ಈ ಕುಲದಲ್ಲಿ ನೂರಾರು ಜಾತಿಗಳಿವೆ, ನಮ್ಮ ಪಶ್ಚಿಮ ಘಟ್ಟದಲ್ಲೂ ಕೆಲವು ಇವೆ. ಔಷಧಿಗೆ ಹೆಸರಾದವು ಮುಖ್ಯವಾಗಿ ಎರಡು. ಒಂದು ಅಮೆರಿಕದ್ದು, ಸ್ಕ್ಯುಟೆಲೇರಿಯಾ ಲ್ಯಾಟೆರಿಫ್ಲೋರಾ. ನರಗಳ ಸಮಾಧಾನಕ್ಕೆ ಅಂತ ಕುಡಿಯುವುದು ಇದರ ಎಲೆ, ಹೂ, ಎಳೆ ಕಾಂಡ. ಇನ್ನೊಂದು ಚೀನಾದ್ದು, ಸ್ಕ್ಯುಟೆಲೇರಿಯಾ ಬೈಕಲೆನ್ಸಿಸ್. ಅದರಲ್ಲಿ ಬಳಸುವುದು ಹಳದಿ ಬೇರು, ಅದನ್ನು ಚೀನಾದ ವೈದ್ಯರು ಜ್ವರಕ್ಕೆ, ಭೇದಿಗೆ ಬೇರೆ ಮೂಲಿಕೆಗಳ ಜೊತೆ ಸೇರಿಸಿ ಕೊಡುತ್ತಾರೆ. ನಿದ್ದೆಗೆ ಅಂತ ಹುಡುಕುವವರು ಹೆಸರು ಒಂದೇ ಅಂತ ಈ ಬೇರಿನ ಪುಡಿ ತರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಬೇರಿನ ಸಾರವನ್ನೂ, ನಾವು ಎಲೆ ಅಡಿಕೆಗೆ ಹಾಕುವ ಕಾಚಿನ ಮರದ ಸಾರವನ್ನೂ ಸೇರಿಸಿ ಅಮೆರಿಕದಲ್ಲಿ ಕೀಲುನೋವಿಗೆ ಒಂದು ಕ್ಯಾಪ್ಸೂಲ್ ಮಾರುತ್ತಿದ್ದರು. ಲಿವರ್ ಮತ್ತು ಶ್ವಾಸಕೋಶದ ತೊಂದರೆ ಕಾಣಿಸಿಕೊಂಡು 2017ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟಿತು, 2018ರಲ್ಲಿ ಅದನ್ನು ವಾಪಸ್ ಪಡೆದರು. ಬೇರಿನ ವಿಷಯ ಪಳಗಿದ ವೈದ್ಯರಿಗೆ ಬಿಡಿ. ಇಲ್ಲಿಂದ ಮುಂದೆ ನಾನು ಬರೆಯುವುದೆಲ್ಲ ಅಮೆರಿಕದ ಎಲೆ ಸ್ಕಲ್‌ಕ್ಯಾಪ್ ಬಗ್ಗೆ.

ಬೀಜ ಕೊಳ್ಳುವಾಗ ಪ್ಯಾಕೆಟ್ ಮೇಲೆ ಲ್ಯಾಟೆರಿಫ್ಲೋರಾ ಅಂತ ಪೂರ್ತಿ ಹೆಸರು ಇದೆಯಾ ನೋಡಿ. ಬರೀ ಸ್ಕಲ್‌ಕ್ಯಾಪ್ ಅಂತಿದ್ದರೆ ಬೇಡ. ವಿದೇಶದ ಅಂಗಡಿಯಿಂದ ನೇರವಾಗಿ ಅಂಚೆಯಲ್ಲಿ ತರಿಸಬೇಡಿ, ಹೊರದೇಶದ ಬೀಜಕ್ಕೆ ನಮ್ಮಲ್ಲಿ ಪರವಾನಗಿಯೂ ರೋಗವಿಲ್ಲ ಅನ್ನುವ ಸರ್ಟಿಫಿಕೇಟೂ ಬೇಕು. ದೇಶದೊಳಗೇ ಮಾರುವವರ ಹತ್ತಿರ ಕೇಳಿ.

ಇದು ಚಳಿ ದೇಶದ ಗಿಡ, ಜೌಗು ನೆಲದ್ದು. ಅಲ್ಲಿ ಬೀಜ ಚಳಿಗಾಲವೆಲ್ಲ ತಣ್ಣಗಿನ ಒದ್ದೆ ಮಣ್ಣಲ್ಲಿ ಮಲಗಿದ್ದು ಆಮೇಲೆ ಮೊಳೆಯುತ್ತದೆ. ಮೈಸೂರಿನ ಚಳಿ ಅದಕ್ಕೆ ಸಾಲದು. ಹಾಗಾಗಿ ಫ್ರಿಜ್ ಬೇಕು. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ಮೇಲೆ ಬೀಜ ಹರಡಿ, ಮಡಚಿ, ಸಣ್ಣ ಡಬ್ಬಿಯಲ್ಲಿ ಹಾಕಿ ತರಕಾರಿ ಇಡುವ ಜಾಗದಲ್ಲಿ ಎರಡು ವಾರ ಇಡಿ. ಫ್ರೀಜರ್‌ನಲ್ಲಿ ಅಲ್ಲ. ಪೇಪರ್ ಒಣಗಬಾರದು, ನೀರು ನಿಲ್ಲಲೂಬಾರದು. ಇದನ್ನು ಆಗಸ್ಟ್ ಕೊನೆಗೆ ಶುರು ಮಾಡಿದರೆ ದಸರಾ ಹೊತ್ತಿಗೆ ಸಸಿ ಇರುತ್ತದೆ, ಮುಂದಿನ ತಂಪು ತಿಂಗಳೆಲ್ಲ ಬೆಳೆಯೋಕೆ ಸಿಗುತ್ತದೆ. ಯುಗಾದಿ ಹೊತ್ತಲ್ಲಿ ಬಿತ್ತಿದರೆ ಬಿಸಿಲಿಗೆ ಎಳೆ ಸಸಿ ಉಳಿಯುವುದು ಕಷ್ಟ.

ಬಿತ್ತುವಾಗ ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ ಬೆರಳಲ್ಲಿ ಮೆತ್ತಗೆ ಒತ್ತಿದರೆ ಸಾಕು. ನೀರು ಸುರಿಯಬೇಡಿ, ಸ್ಪ್ರೇ ಮಾಡಿ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಎಲ್ಲ ಬೀಜವೂ ಹುಟ್ಟುವುದಿಲ್ಲ, ಜಾಸ್ತಿನೇ ಹಾಕಿ. ಸಸಿ ಬೆರಳುದ್ದ ಬಂದಾಗ ಅಗಲವಾದ ಕುಂಡಕ್ಕೆ ಬದಲಾಯಿಸಿ. ಕೆಂಪು ಮಣ್ಣು, ಕೊಳೆತ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರೂ ಸಮ ಸಮ ಹಾಕಿದರೆ ತೇವ ಹಿಡಿದಿಡುತ್ತದೆ. ಬೆಳಗಿನ ಬಿಸಿಲು ಬೀಳಲಿ, ಹತ್ತು ಗಂಟೆ ಮೇಲೆ ನೆರಳು ಬೇಕು. ಪೂರ್ವದ ಬಾಲ್ಕನಿ ಇದ್ದರೆ ಒಳ್ಳೆಯದು, ಸೀಬೆ ಮರದ ಕೆಳಗೂ ಆಗುತ್ತದೆ. ಮಂಡ್ಯದ ಕಡೆ ತೋಟ ಇರುವವರು ತೆಂಗಿನ ಪಾತಿಯ ಅಂಚಲ್ಲಿ ಹಾಕಬಹುದು. ಆದರೆ ಕಬ್ಬಿಗೆ, ಭತ್ತಕ್ಕೆ ಕಳೆನಾಶಕ ಹೊಡೆಯುವ ಗದ್ದೆ ಪಕ್ಕ ಬೇಡ, ಬಚ್ಚಲ ನೀರು ಹರಿಯುವ ಕಡೆಯೂ ಬೇಡ. ನಾಳೆ ಆ ಎಲೆಯನ್ನೇ ತಾನೇ ಕುಡಿಯುವುದು? ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ಹತ್ತಿರ ಬಂದಾಗ ಕುಂಡದ ಕೆಳಗೆ ನೀರಿನ ತಟ್ಟೆ ಇಡಿ, ಮಣ್ಣಿನ ಮೇಲೆ ಒಣಗಿದ ತರಗು ಮುಚ್ಚಿ. ಮೇಲಿನ ಗಿಡ ಬಾಡಿದರೂ ಬೇರು ಬದುಕಿದ್ದರೆ ಮಳೆಗೆ ಮತ್ತೆ ಚಿಗುರಬಹುದು. ಬೇರು ಮಣ್ಣಿನೊಳಗೆ ಪಕ್ಕಕ್ಕೆ ಹರಡುವುದರಿಂದ ಒಂದು ಸಲ ನೆಲೆ ಊರಿದರೆ ಮತ್ತೆ ಬೀಜದ ತಾಪತ್ರಯ ಇಲ್ಲ, ಪುದೀನ ಥರ ಬೇರು ಸಮೇತ ತುಂಡು ಮಾಡಿ ನೆಟ್ಟರಾಯಿತು.

ಈಗ ಗುರುತು. ಇದನ್ನು ಆತುರ ಇಲ್ಲದೆ ನೋಡಿ. ಕಾಂಡ ಚೌಕ, ಎಲೆ ಎದುರು ಬದುರು, ಅಂಚು ಗರಗಸದ ಹಲ್ಲಿನ ಥರ. ಆದರೆ ಇಷ್ಟು ನೋಡಿ ನಂಬಬೇಡಿ, ಜರ್ಮ್ಯಾಂಡರ್ ಕೂಡ ಹೀಗೇ ಇರುತ್ತದೆ, ಅದೂ ಇದೇ ಕುಟುಂಬ. ಎಲೆ ಉಜ್ಜಿದರೆ ತುಳಸಿ, ಪುದೀನದ ಹಾಗೆ ಘಮ ಬರುವುದಿಲ್ಲ. ನಿಜವಾದ ಸಾಕ್ಷಿ ಹೂವಿನಲ್ಲಿದೆ. ಎಲೆಯ ಬುಡದಿಂದ ಹೊರಟ ಸಣ್ಣ ಗೊಂಚಲಲ್ಲಿ ಪುಟ್ಟ ನೀಲಿ ಹೂಗಳು ಒಂದೇ ಪಕ್ಕಕ್ಕೆ ಮುಖ ಮಾಡಿರುತ್ತವೆ. ಹೂವಿನ ಬುಡದಲ್ಲಿರುವ ಹಸಿರು ಬಟ್ಟಲನ್ನು ಪಕ್ಕದಿಂದ ನೋಡಿ, ಅದರ ಬೆನ್ನ ಮೇಲೆ ಒಂದು ಉಬ್ಬು ಎದ್ದಿರುತ್ತದೆ. ಹೂ ಉದುರಿದ ಮೇಲೆ ಆ ಬಟ್ಟಲು ಬಾಯಿ ಮುಚ್ಚಿಕೊಳ್ಳುತ್ತದೆ, ಉಬ್ಬು ಇನ್ನೂ ಚೆನ್ನಾಗಿ ಕಾಣುತ್ತದೆ. ಜರ್ಮ್ಯಾಂಡರ್‌ಗೆ ಈ ಉಬ್ಬು ಇಲ್ಲ, ಜೊತೆಗೆ ಅದರ ಹೂವಿಗೆ ಮೇಲ್ದುಟಿಯೇ ಇಲ್ಲದ ಹಾಗಿದ್ದು ಕೇಸರಗಳು ಹೊರಗೆ ಎದ್ದು ನಿಂತಿರುತ್ತವೆ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಎರಡೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅನುಮಾನ ಇದ್ದರೆ ಹೂವಿರುವ ಕಡ್ಡಿ ತೆಗೆದುಕೊಂಡು ಹೋಗಿ ಕಾಲೇಜಿನ ಸಸ್ಯಶಾಸ್ತ್ರ ಮೇಷ್ಟ್ರಿಗೆ ತೋರಿಸಿ. ಮೈಸೂರಲ್ಲಿ ಅಂಥವರಿಗೇನು ಕಮ್ಮಿ ಇಲ್ಲ.

ಕೊಯ್ಲು ಹೂ ತುಂಬಿದಾಗ. ಇಬ್ಬನಿ ಆರಿದ ಮೇಲೆ ನೆಲದಿಂದ ಮೂರು ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಬುಡ ಮತ್ತೆ ಚಿಗುರಲಿ. ತೊಳೆದು, ನೀರು ಸೋರಿಸಿ, ನೆರಳಲ್ಲಿ ಮೊರದ ಮೇಲೆ ತೆಳ್ಳಗೆ ಹರಡಿ. ಬಿಸಿಲಿಗೆ ಇಡಬೇಡಿ. ಕಡ್ಡಿ ಬಗ್ಗದೆ ಚಟ್ ಅಂತ ಮುರಿದರೆ ಒಣಗಿದೆ ಅಂತ ಅರ್ಥ. ಗಾಜಿನ ಬಾಟಲಿಗೆ ತುಂಬಿ ಹೆಸರು, ತಿಂಗಳು ಬರೆದು ಅಂಟಿಸಿ, ವರ್ಷದೊಳಗೆ ಮುಗಿಸಿ.

ಕಷಾಯ ಅಂದರೆ ನಮ್ಮ ಮನೆಗಳಲ್ಲಿ ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸುವುದು ಅಭ್ಯಾಸ. ಇದಕ್ಕೆ ಅದು ಬೇಡ. ಒಂದು ಟೀ ಚಮಚ ಒಣ ಎಲೆ, ಹೆಚ್ಚು ಕಡಿಮೆ 1 ಗ್ರಾಂ, ಲೋಟಕ್ಕೆ ಹಾಕಿ, ಕುದಿದ ನೀರು ಸುರಿದು, ತಟ್ಟೆ ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ಸೋಸಿ ಕುಡಿಯಿರಿ. ಕಹಿ ಇರುತ್ತದೆ, ಚೂರು ಬೆಲ್ಲ ಹಾಕಿಕೊಳ್ಳಿ. ಪಾಶ್ಚಾತ್ಯ ಮೂಲಿಕೆ ವೈದ್ಯರು 1ರಿಂದ 2 ಗ್ರಾಂನಂತೆ ದಿನಕ್ಕೆ ಮೂರು ಸಲ ಹೇಳುತ್ತಾರೆ. ನನ್ನ ಪ್ರಕಾರ ಹೊಸಬರಿಗೆ ರಾತ್ರಿ ಒಂದೇ ಲೋಟ ಸಾಕು. ಕುಡಿದು ಗಾಡಿ ಓಡಿಸಬೇಡಿ, ಮಂಪರು ಬರಬಹುದು.

ಎಷ್ಟು ಕೆಲಸ ಮಾಡುತ್ತದೆ? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 43 ಆರೋಗ್ಯವಂತರಿಗೆ ಎರಡು ವಾರ ಇದನ್ನೂ, ಎರಡು ವಾರ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಯನ್ನೂ ಕೊಟ್ಟು ನೋಡಿದರು. ಸ್ಕಲ್‌ಕ್ಯಾಪ್ ತೆಗೆದುಕೊಂಡಾಗ ಮನಸ್ಸಿನ ಕಿರಿಕಿರಿ ಒಟ್ಟಾರೆ ಕಡಿಮೆಯಾಯಿತು, ಆದರೆ ಆತಂಕದ ಅಳತೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಸಣ್ಣ ಪುಟ್ಟ ಒತ್ತಡಕ್ಕೆ ಒಂದು ಲೋಟ ಕುಡಿದು ನೋಡಬಹುದು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಇದನ್ನು ಹಿಡಿಯುವಂತಿಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. 18ನೇ ಶತಮಾನದಲ್ಲಿ ಅಮೆರಿಕದಲ್ಲಿ ಹುಚ್ಚುನಾಯಿ ಕಡಿತಕ್ಕೆ ಇದೇ ಔಷಧಿ ಅಂತ ಹಬ್ಬಿಸಿದ್ದರು. ಅದು ಸುಳ್ಳು. ನಮ್ಮ ಹಳ್ಳಿಗಳಲ್ಲೂ ನಾಯಿ ಕಚ್ಚಿದರೆ ನಾಟಿ ಔಷಧಿ ಅಂತ ಓಡುವವರು ಇನ್ನೂ ಇದ್ದಾರೆ. ಹಾಗೆ ಹೊತ್ತು ಕಳೆದರೆ ಜೀವ ಹೋಗುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಕಾಲು ಗಂಟೆ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಲಿವರ್ ತೊಂದರೆ ಇರುವವರು ಸ್ಕಲ್‌ಕ್ಯಾಪ್ ಕುಡಿಯಬಾರದು. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಕುಡಿತದ ಜೊತೆಗಂತೂ ಬೇಡವೇ ಬೇಡ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಕುಡಿಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಕೆ ಬಂದರೆ ಆ ಕ್ಷಣವೇ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಒಣ ಎಲೆಯ ಬಾಟಲಿಯನ್ನೂ, ಹೂವಿರುವ ಗಿಡದ ಫೋಟೋವನ್ನೂ ಜೊತೆಗೆ ಒಯ್ಯಿರಿ, ಏನು ಕುಡಿದಿರಿ ಅಂತ ಅವರಿಗೆ ಸರಿಯಾಗಿ ತಿಳಿಯಬೇಕು.