ಎಸ್‌ಡಿಎಂಸಿ ಮೆಂಬರ್ ಆದ್ರಾ? ಸೈನ್ ಹಾಕೋಕೆ ಮುಂಚೆ ಏನೇನು ನೋಡ್ಬೇಕು

ಮಗು ಸರ್ಕಾರಿ ಶಾಲೇಲಿ ಓದ್ತಿದೆ, ಪೋಷಕರ ಸಭೆಗೆ ಹೋದ್ರಿ, ಯಾರೋ ನಿಮ್ಮ ಹೆಸರು ಹೇಳಿದ್ರು, ಇನ್ನೊಬ್ರು ಹೂಂ ಅಂದ್ರು, ಮನೆಗೆ ಬರೋಷ್ಟರಲ್ಲಿ ನೀವು ಎಸ್‌ಡಿಎಂಸಿ ಮೆಂಬರ್ರು, ಅಂದ್ರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸದಸ್ಯರು. ಆಮೇಲೆ? ಎಷ್ಟೋ ಕಡೆ ಆಮೇಲೆ ಅನ್ನೋದೇ ಇಲ್ಲ, ಆಗಸ್ಟ್ ಹದಿನೈದಕ್ಕೆ ಮುಂದಿನ ಸಾಲಲ್ಲಿ ಕುರ್ಚಿ, ಯಾವಾಗ್ಲೋ ಒಮ್ಮೆ ಮನೆ ಬಾಗಿಲಿಗೇ ಬರೋ ನಡಾವಳಿ ಪುಸ್ತಕಕ್ಕೆ ಒಂದು ಸೈನು, ಮುಗೀತು.

ಕರ್ನಾಟಕದಲ್ಲಿ ಈ ಸಮಿತಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ 21ನೇ ಸೆಕ್ಷನ್‌ನಲ್ಲಿ ಶಾಲಾ ಸಮಿತಿಗೆ ಕಾನೂನಿನ ಬಲಾನೂ ಕೊಡ್ತು: ಮುಕ್ಕಾಲು ಪಾಲು ಮೆಂಬರ್ಸ್ ಪೋಷಕರೇ ಆಗಿರ್ಬೇಕು, ಒಟ್ಟಲ್ಲಿ ಅರ್ಧ ಹೆಂಗಸರಿರ್ಬೇಕು. ಕೆಲಸ ಏನಪ್ಪಾ ಅಂದ್ರೆ ಶಾಲೆ ಹೇಗೆ ನಡೀತಿದೆ ಅಂತ ನೋಡೋದು, ಅಭಿವೃದ್ಧಿ ಯೋಜನೆ ಮಾಡೋದು, ಬಂದ ಅನುದಾನ ಎಲ್ಲಿ ಹೋಯ್ತು ಅಂತ ಕೇಳೋದು. ಕಾಂಪೌಂಡಿಗೆ ಬಣ್ಣ ಹೊಡಿಸೋದು, ದಾನಿಗಳನ್ನ ಹುಡುಕೋದು ಒಳ್ಳೇದೇ, ಆದ್ರೆ ಕಾಯ್ದೆ ಹೆಸರಿಟ್ಟು ಹೇಳಿರೋದು ಮೇಲಿನ ಮೂರನ್ನ. (ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸಲ್ಲ, ಅದು ಬೇರೇನೇ ಕಥೆ.)

ಮೊದಲು ಸಭೆ ಸರಿ ಮಾಡ್ಕೊಳ್ಳಿ

ತಿಂಗಳಿಗೊಂದು ಸಭೆ, ದಿನ ಫಿಕ್ಸ್. ಕೂಲಿಗೆ ಹೋಗೋರು ಬರೋ ಹಾಗೆ ಟೈಮ್ ಇಡಿ, ಬೆಳಿಗ್ಗೆ ಹನ್ನೊಂದಕ್ಕೆ ಕರೆದ್ರೆ ಬರೋದು ಅಧ್ಯಕ್ಷರು ಮತ್ತೆ ಅವರ ಜೊತೆಗಾರರು ಅಷ್ಟೇ. ಮುಖ್ಯ ಶಿಕ್ಷಕರು ಕಾರ್ಯದರ್ಶಿ ಆಗಿರ್ತಾರೆ, ನಡಾವಳಿ ಅವರೇ ಬರೀತಾರೆ, ಆದ್ರೆ ಸಭೆ ಮುಗಿಯೋ ಮುಂಚೆ ಅಲ್ಲೇ ಜೋರಾಗಿ ಓದಿಸಿ, ಆಮೇಲೇ ಸೈನ್. ಮಹಿಳಾ ಮೆಂಬರ್ ಬದಲು ಅವರ ಯಜಮಾನ್ರು ಬಂದು ಕೂತ್ರೆ, ಯಜಮಾನ್ರನ್ನ ನಯವಾಗಿ ಮನೆಗೆ ಕಳಿಸಿ ಆ ಮೆಂಬರನ್ನೇ ಕರೆಸಿ. ಇದು ಸಣ್ಣ ವಿಷಯ ಅನ್ಸತ್ತೆ, ಅಲ್ಲ.

ದುಡ್ಡಿನ ಲೆಕ್ಕ

ಪಾಸ್‌ಬುಕ್, ನಗದು ಪುಸ್ತಕ, ಬಿಲ್ಲು, ಮೂರನ್ನೂ ಒಟ್ಟಿಗೆ ಇಟ್ಕೊಂಡು ನೋಡಿ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ನಿಗದಿಯಾಗತ್ತೆ, 31ರಿಂದ 100 ಮಕ್ಕಳಿದ್ರೆ 25,000 ರೂಪಾಯಿವರೆಗೆ, 101ರಿಂದ 250 ಇದ್ರೆ 50,000, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಅಂತ ಖರ್ಚು ಮಾಡ್ಬೇಕು. ಅಂದ್ರೆ 25,000ದಲ್ಲಿ 2,500. ಟಾಯ್ಲೆಟ್ಟಲ್ಲಿ ಬಕೆಟ್ಟೇ ಇಲ್ಲ ಅಂದ್ರೆ ಆ 2,500 ಎಲ್ಲಿ ಅಂತ ಕೇಳೋದು ಅವಮಾನ ಮಾಡಿದ ಹಾಗಲ್ಲ.

ಬಿಸಿಯೂಟ: ಇಲ್ಲಿ ಸ್ವಲ್ಪ ಕೂತು ನೋಡಿ

ನನ್ನ ಕೇಳಿದ್ರೆ ಹೊಸ ಮೆಂಬರ್ ಶುರು ಮಾಡ್ಬೇಕಾದ್ದು ಇಲ್ಲಿಂದಾನೇ, ಯಾಕಂದ್ರೆ ಇದಕ್ಕೆ ಯಾವ ಡಿಗ್ರಿನೂ ಬೇಡ, ಮನೇಲಿ ಅಡುಗೆ ಮಾಡೋರಿಗೆ ಈ ಲೆಕ್ಕ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿರತ್ತೆ. ನಿಯಮದ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ನಿಮ್ಮ ಶಾಲೇಲಿ ಚಿಕ್ಕೋರು 40, ದೊಡ್ಡೋರು 20 ಅಂತಿಟ್ಕೊಳ್ಳಿ, ಎಲ್ರೂ ಬಂದ ದಿನ 4 ಕೆಜಿ ಪ್ಲಸ್ 3 ಕೆಜಿ, ಒಟ್ಟು 7 ಕೆಜಿ ಧಾನ್ಯ. 22 ದಿನ ಶಾಲೆ ನಡೆದ್ರೆ 154 ಕೆಜಿ, ಅದಕ್ಕಿಂತ ಜಾಸ್ತಿ ಖಾಲಿಯಾಗೋ ಹಾಗಿಲ್ಲ. ಈಗ ಸ್ಟಾಕ್ ರಿಜಿಸ್ಟರ್ ತೆಗೀರಿ, ತಿಂಗಳ ಆರಂಭದ ಶಿಲ್ಕು, ಬಂದಿದ್ದು, ಖರ್ಚಾಗಿದ್ದು, ಉಳಿದಿದ್ದು ನೋಡಿ, ಆಮೇಲೆ ಕೋಣೆಗೆ ಹೋಗಿ ಮೂಟೆ ಎಣಿಸಿ.

ಇನ್ನೊಂದು ಟ್ರಿಕ್ಕು, ಹಾಜರಿ ಪುಸ್ತಕ ಮತ್ತು ಊಟದ ರಿಜಿಸ್ಟರ್ ಪಕ್ಕಪಕ್ಕ ಇಡಿ. ಹಾಜರಿ 47 ಇರೋ ದಿನ ಊಟ ಮಾಡಿದೋರು 60 ಅಂತಿದ್ರೆ ಏನೋ ಎಡವಟ್ಟಿದೆ, ಬರೆಯೋವಾಗ ತಪ್ಪಾಗಿರ್ಬಹುದು ಅಥವಾ ತಪ್ಪು ಬೇರೇದೇ ಇರ್ಬಹುದು, ಒಂದೇ ದಿನ ನೋಡಿ ಕಳ್ಳ ಅಂತ ಕೂಗಬೇಡಿ, ನಾಲ್ಕು ಬೇರೆ ಬೇರೆ ದಿನ ತೆಗೆದು ನೋಡಿ. ಬಡಿಸೋಕೆ ಮುಂಚೆ ದೊಡ್ಡೋರು ರುಚಿ ನೋಡ್ಬೇಕು ಅನ್ನೋದೂ ಬಿಸಿಯೂಟದ ಮಾರ್ಗಸೂಚಿಗಳಲ್ಲಿದೆ, ವಾರಕ್ಕೊಬ್ಬ ಪೋಷಕರು ಅಂತ ಪಾಳಿ ಹಾಕಿ. ಹೇಳದೇ ಹೋದ ದಿನದ ಸಾರೇ ನಿಜವಾದ ಸಾರು!

ಕಾರ್ಯಕ್ರಮ ನಡೀತು ಸರಿ, ಮಕ್ಕಳು ಕಲಿತ್ರಾ?

ನಲಿಕಲಿ, ಕಲಿಕಾ ಚೇತರಿಕೆ, ಯಾವುದೋ ಸಂಸ್ಥೆ ಕೊಟ್ಟ ಟ್ಯಾಬ್ಲೆಟ್ಟು, ಸ್ಮಾರ್ಟ್ ಕ್ಲಾಸು, ಒಂದಾದ ಮೇಲೊಂದು ಬರ್ತಾನೇ ಇರತ್ತೆ. ವರದೀಲಿ ಬರೋದು ಇಷ್ಟು ದಿನ ತರಬೇತಿ, ಇಷ್ಟು ಕಿಟ್ ವಿತರಣೆ, ಮೂರು ಫೋಟೋ. ಸಮಿತಿ ಕೇಳ್ಬೇಕಾದ್ದು ಬೇರೆ: ಶುರುವಾಗೋ ಮುಂಚೆ ಮಕ್ಕಳಿಗೆ ಏನು ಬರ್ತಿತ್ತು, ಈಗ ಏನು ಬರತ್ತೆ.

ಇದಕ್ಕೆ ದೊಡ್ಡ ಸರ್ವೇ ಬೇಡ. ಜೂನ್‌ನಲ್ಲಿ ಶಿಕ್ಷಕರ ಜೊತೆನೇ ಕೂತು ನಾಲ್ಕನೇ ಕ್ಲಾಸಿನ ಪ್ರತಿ ಮಗುವಿಗೂ ಎರಡನೇ ಕ್ಲಾಸಿನ ಪುಸ್ತಕದಿಂದ ಒಂದು ಪ್ಯಾರಾ ಓದಿಸಿ, ಒಂದು ಕಳೆಯೋ ಲೆಕ್ಕ ಕೊಡಿ, ಎಷ್ಟು ಮಕ್ಕಳು ಸಲೀಸಾಗಿ ಓದಿದ್ರು, ಎಷ್ಟು ಮಕ್ಕಳು ತಡವರಿಸಿದ್ರು, ಎಷ್ಟಕ್ಕೆ ಅಕ್ಷರಾನೇ ಬರಲ್ಲ ಅಂತ ಬರೆದಿಡಿ. ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರೀಲಿ ಒಮ್ಮೆ ಅದೇ ಮಟ್ಟದ ಬೇರೆ ಪ್ಯಾರಾ, ಯಾಕಂದ್ರೆ ಅದೇ ಪ್ಯಾರಾ ಕೊಟ್ರೆ ಬಾಯಿಪಾಠ ಒಪ್ಪಿಸಿಬಿಡ್ತಾರೆ. ಮಕ್ಕಳ ಹೆಸರು ಸಭೇಲಿ ಓದ್ಬೇಡಿ, ಸಂಖ್ಯೆ ಸಾಕು. ಸಂಖ್ಯೆ ಅಲ್ಲಾಡ್ಲೇ ಇಲ್ಲ ಅಂದ್ರೆ ಕಾರಣ ಹುಡುಕಿ: ಮಕ್ಕಳು ಸುಗ್ಗಿ ಟೈಮಲ್ಲಿ ಬರ್ತಿರ್ಲಿಲ್ವಾ, ಟ್ಯಾಬ್ಲೆಟ್ ಬೀರುವಿನಲ್ಲೇ ಇತ್ತಾ, ಟೀಚರ್ ಒಬ್ರೇನಾ?

ಕೊನೇದು ಮುಖ್ಯ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಣಕ್ಕೆ ಸಂಬಂಧ ಇಲ್ಲದ ಬೇರೆ ಕೆಲಸಕ್ಕೆ ಅವರನ್ನ ಕಳಿಸೋ ಹಾಗಿಲ್ಲ ಅಂತ 27ನೇ ಸೆಕ್ಷನ್ ಹೇಳತ್ತೆ. ಹಾಗಾಗಿ ಟೀಚರ್ ಎಷ್ಟು ದಿನ ಕ್ಲಾಸಲ್ಲಿ ಇರ್ಲಿಲ್ಲ, ಯಾರು ಯಾಕೆ ಕಳಿಸಿದ್ರು ಅನ್ನೋದನ್ನೂ ನಡಾವಳೀಲಿ ಬರೆಸಿ. ಎಷ್ಟೋ ಸಲ ಮೇಷ್ಟ್ರೇ ಹೇಳೋಕಾಗದ ಕಷ್ಟಾನ ಸಮಿತಿ ಹೇಳ್ಬಹುದು. ಶಿಕ್ಷಕರ ಮೇಲೆ ಶಿಸ್ತುಕ್ರಮ ಇಲಾಖೆ ಕೆಲಸ, ಕ್ಲಾಸಿಗೆ ನುಗ್ಗಿ ಬೈಯೋ ಅಧಿಕಾರ ನಿಮಗಿಲ್ಲ.

ಸಿಕ್ಕಿದ್ದನ್ನ ಯೋಜನೆಗೆ ಸೇರಿಸಿ

ಶಾಲಾ ಅಭಿವೃದ್ಧಿ ಯೋಜನೆ ಆರ್ಥಿಕ ವರ್ಷ ಮುಗಿಯೋ ಮುಂಚೆ ಹೋಗ್ಬೇಕು, ಡಿಸೆಂಬರ್‌ನಲ್ಲೇ ಕೂತ್ಕೊಳ್ಳಿ. "ಗುಣಮಟ್ಟ ಹೆಚ್ಚಿಸುವುದು" ಅಂತ ಬರೆದ್ರೆ ಯಾರಿಗೂ ಏನೂ ಆಗಲ್ಲ, "ಓದೋಕೆ ಬರದ 9 ಮಕ್ಕಳಿಗೆ ದಿನಾ ಒಂದು ಗಂಟೆ, ಯಾರು ಮಾಡ್ತಾರೆ, ಯಾವಾಗ ಮತ್ತೆ ನೋಡ್ತೀವಿ" ಅಂತ ಬರೀರಿ.

ಬಾಯಲ್ಲಿ ಹೇಳಿ ಆಗ್ಲಿಲ್ಲ ಅಂದ್ರೆ ಸಭೇಲಿ ತೀರ್ಮಾನ ಮಾಡಿ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಪತ್ರ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಅಲ್ಲೂ ಆಗ್ಲಿಲ್ವಾ, ಮಕ್ಕಳ ಹಕ್ಕಿನ ವಿಷಯ ಆದ್ರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯ್ತಿ, ನಗರಸಭೆ ಥರದ್ದು) ಲಿಖಿತ ದೂರು ಕೊಡ್ಬಹುದು, ಮೂರು ತಿಂಗಳೊಳಗೆ ಅವರು ತೀರ್ಮಾನ ಕೊಡ್ಬೇಕು, ಅದು ಸರಿ ಬರ್ಲಿಲ್ಲ ಅಂದ್ರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ದೂರಿನ ಜೊತೆ ನಡಾವಳಿಯ ಜೆರಾಕ್ಸ್ ಇಡೋದು ಮರೀಬೇಡಿ.